ಒಳಮನೆಯ ಕೆಂಪು: ಕಲಬುರಗಿ ಮತ್ತು ಕಮಲಾಪುರ

ಮನೆಯ ಒಳಗೋಡೆಗೆ ಬಳಿಯುವ ಬೆಚ್ಚನೆಯ ಕೆಂಪು ಎಂದರೆ ಹಳದಿಯತ್ತಲೋ ಕಂದಿನತ್ತಲೋ ವಾಲಿದ ಕೆಂಪು. ಸುಟ್ಟ ಇಟ್ಟಿಗೆ, ಹೆಂಚು, ಗಡಿಗೆ, ಕಾವಿ ಬಟ್ಟೆ ಇವೆಲ್ಲ ಈ ಬಳಗದವು. ನೀಲಿಯ ಸೋಂಕಿರುವ ಗುಲಾಬಿ, ರಾಣಿ ಬಣ್ಣಗಳು ಇದಕ್ಕೆ ಸೇರುವುದಿಲ್ಲ. ಕಲಬುರಗಿ ನಗರದಲ್ಲಿಯೂ ಹುಮನಾಬಾದ್ ರಸ್ತೆಯ ಕಮಲಾಪುರದ ಆಸುಪಾಸಿನಲ್ಲಿಯೂ ಈ ಕೆಂಪು ಎರಡು ದಾರಿಯಿಂದ ಮನೆಯೊಳಗೆ ಬಂದಿದೆ. ಒಂದು, ಸುಣ್ಣದ ಜೊತೆಗೆ ತಲೆಮಾರುಗಳಿಂದ ಬಳಕೆಯಲ್ಲಿರುವ ಕೆಮ್ಮಣ್ಣು ಮತ್ತು ಹುರಮಂಜಿನ ದಾರಿ. ಇನ್ನೊಂದು, ಪೇಂಟ್ ಅಂಗಡಿಯ ಶೇಡ್ ಕಾರ್ಡಿನ ದಾರಿ. ಹಾಲ್‌ನ ಒಂದು ಗೋಡೆಯನ್ನು ನೆಲದಿಂದ ಸೂರಿನವರೆಗೆ ಕೆಂಪು ಮಾಡಿ ಉಳಿದ ಮೂರನ್ನು ತಿಳಿಯಾಗಿ ಬಿಡುವ ಇಂದಿನ ರೂಢಿ ಇದರದು. ಹಳೆಯ ದಾರಿಯಲ್ಲಿ ಕೆಂಪಿಗೆ ಒಂದು ಮೇರೆ ಇತ್ತು: ಗೋಡೆಯ ಬುಡ, ಹೊಸ್ತಿಲು, ಮಾಡದ ಅಂಚು, ದೇವರ ಜಗಲಿಯ ಸುತ್ತು, ಅಷ್ಟೇ. ಈ ಮೇರೆಯನ್ನು ಬರಿ ಸಂಪ್ರದಾಯ ಎಂದೋ ಬಡತನ ಎಂದೋ ತಳ್ಳಿಹಾಕುವಂತಿಲ್ಲ. ಬೆಳಕು, ಕೊಳೆ, ಕಣ್ಣು ಈ ಮೂರನ್ನೂ ಲೆಕ್ಕಕ್ಕೆ ಹಿಡಿದು ನೋಡಿದರೆ ಅದೇ ಸರಿಯಾದ ಅಳತೆ ಎಂದು ತೋರುತ್ತದೆ, ಹೊಸ ಬಣ್ಣಗಳ ಕಾಲದಲ್ಲೂ.

ಮೊದಲು ಪದಾರ್ಥದ ವಿಚಾರ. ಕಲಬುರಗಿ ಎಂದೊಡನೆ ನೆನಪಾಗುವುದು ತೊಗರಿ ಬೆಳೆಯುವ ಕಪ್ಪು ಎರೆನೆಲ. ಆದರೆ ಹುಮನಾಬಾದ್, ಬೀದರಿನ ಕಡೆ ಏರುತ್ತ ಹೋದಂತೆ ನೆಲದ ಬಣ್ಣ ಬದಲಾಗುತ್ತದೆ. ಬೀದರ ಪ್ರಸ್ಥಭೂಮಿಯ ಮೇಲ್ಪದರ ಜಂಬಿಟ್ಟಿಗೆ ಕಲ್ಲಿನದು, ಕಬ್ಬಿಣದ ಅಂಶ ತುಂಬಿರುವಂಥದು. ಕಮಲಾಪುರ ಈ ಎರಡು ನೆಲಗಳ ನಡುವಿನ ದಾರಿಯಲ್ಲಿದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆ ಬೆಳೆಯುವುದೂ ಕೆಂಪು ಮಣ್ಣಿನಲ್ಲಿಯೇ. ಕೆಮ್ಮಣ್ಣಿನ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್, ಅಂದರೆ ಹೆಮಟೈಟ್. ನೀರಿನಂಶ ಹಿಡಿದ ಹಳದಿ ಮಣ್ಣನ್ನು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಆ ನೀರು ಬಿಟ್ಟು ಅದೂ ಕೆಂಪಾಗುತ್ತದೆ. ಇಟಲಿಯ ಪಾಂಪೇಯಿಯ ಪ್ರಸಿದ್ಧ ಕೆಂಪು ಗೋಡೆಗಳಲ್ಲಿ ಒಂದಷ್ಟು ಭಾಗ ಮೊದಲು ಹಳದಿಯಾಗಿದ್ದು, ಕ್ರಿ.ಶ. 79ರ ಜ್ವಾಲಾಮುಖಿಯ ಬಿಸಿಗೆ ಕೆಂಪಾಯಿತೆಂದು ಸಂಶೋಧಕರು ಹೇಳಿರುವುದು ಇದೇ ಗುಣದ ಆಧಾರದ ಮೇಲೆ. ಕುಂಬಾರನ ಗಡಿಗೆ ಆವಿಗೆಯಿಂದ ಕೆಂಪಾಗಿ ಹೊರಬರುವುದರಲ್ಲಿಯೂ ಕೆಲಸ ಮಾಡುವುದು ಕಬ್ಬಿಣವೇ. ಇನ್ನು ಬಿಳಿಗೆ ಬಂದರೆ, ಶಹಾಬಾದ, ಚಿತ್ತಾಪುರ, ಸೇಡಂ ಕಡೆಯ ಸುಣ್ಣಕಲ್ಲು ಈ ಜಿಲ್ಲೆಯ ಇನ್ನೊಂದು ಸಂಪತ್ತು. ನೆಲಕ್ಕೆ ಹಾಸುವ ಶಹಾಬಾದಿ ಫರಸಿ, ಗೋಡೆಗೆ ಬಳಿಯುವ ಸುಣ್ಣ, ವಾಡಿ–ಸೇಡಂ ಕಾರ್ಖಾನೆಗಳ ಸಿಮೆಂಟು, ಮೂರರ ಮೂಲವೂ ಅದೇ. ಹೀಗೆ ಕೆಂಪೂ ಬಿಳಿಯೂ ಕೈಗೆಟಕುವ ದೂರದಲ್ಲಿದ್ದವು ಎಂಬುದನ್ನು ನೆನಪಿಡಬೇಕು, ಮುಂದಿನ ವಾದಕ್ಕೆ ಅದು ಬೇಕಾಗುತ್ತದೆ.

ಈ ಸೀಮೆಯ ಹಳೆಯ ಮನೆ ದಪ್ಪ ಕಲ್ಲುಗೋಡೆಯದು, ಮೇಲೆ ಮಣ್ಣಿನ ಮಾಳಿಗೆ. ಬಿಸಿಲನ್ನು ಹೊರಗಿಡುವುದೇ ಮುಖ್ಯವಾದ್ದರಿಂದ ಕಿಟಕಿಗಳು ಸಣ್ಣವು, ಕೆಲವು ಕೋಣೆಗಳಿಗೆ ಮಾಳಿಗೆಯ ಬೆಳಕಿಂಡಿಯೊಂದೇ ಆಸರೆ. ತಲಬಾಗಿಲು ದಾಟಿದರೆ ಪಡಸಾಲೆ. ಅಲ್ಲಿ ಜನ ಚಾಪೆಯ ಮೇಲೋ ಜಮಖಾನದ ಮೇಲೋ ಗೋಡೆಗೆ ಒರಗಿ ಕೂಡುತ್ತಾರೆ. ಒರಗಿದ ಬೆನ್ನಿನ ಬೆವರು, ತಲೆಯ ಎಣ್ಣೆ, ಮಕ್ಕಳ ಕೈಯ ಮಸಿ, ಕಸಬರಿಗೆಯ ಹೊಡೆತ, ನೆಲ ತೊಳೆಯುವಾಗ ಸಿಡಿಯುವ ನೀರು, ಎರೆಮಣ್ಣಿನ ಧೂಳು ಇವೆಲ್ಲ ಗೋಡೆಯ ಬುಡದ ಎರಡೂವರೆ, ಮೂರು ಅಡಿಯೊಳಗೇ ಬೀಳುತ್ತವೆ. ಕೆಂಪು ಪಟ್ಟಿ ಸರಿಯಾಗಿ ಅಷ್ಟೇ ಎತ್ತರಕ್ಕೆ ಏರಿ ನಿಲ್ಲುತ್ತದೆ. ಬಣ್ಣದಲ್ಲಿ ಅದ್ದಿದ ದಾರವನ್ನು ಇಬ್ಬರು ಎರಡು ತುದಿಯಲ್ಲಿ ಬಿಗಿಹಿಡಿದು, ನಡುವೆ ಮೀಟಿದರೆ ಗೋಡೆಯ ಮೇಲೆ ನೇರ ಗೆರೆ ಮೂಡುತ್ತದೆ. ಅದರ ಕೆಳಗೆ ಕೆಂಪು, ಮೇಲೆ ಸುಣ್ಣ. ಸುಣ್ಣ ಹಳದಿಯಾಗಿ ಕಾಣದಿರಲೆಂದು ಚಿಟಿಕೆ ನೀಲಿ ಹಾಕುವುದುಂಟು. ಬುಡದ ಪಟ್ಟಿಯ ಹೊರತು ಕೆಂಪು ಕಾಣುವುದು ಸಣ್ಣ ಜಾಗಗಳಲ್ಲಿ: ದೀಪವಿಡುವ ಮಾಡದ ಸುತ್ತ ಬೆರಳಗಲದ ಅಂಚು, ಬಾಗಿಲ ಚೌಕಟ್ಟಿನ ಬದಿ, ಹೊಸ್ತಿಲು, ತುಳಸಿಕಟ್ಟೆ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಪಾಂಡವರೆಂದು ಕೂಡಿಸುವ ಐದು ಕಲ್ಲುಗಳಿಗೂ ಸುಣ್ಣ ಬಳಿದು ಕುಂಕುಮ ಇಡುತ್ತಾರೆ. ಬಿಳಿಯ ಬಯಲಿನಲ್ಲಿ ಸ್ವಲ್ಪವೇ ಕೆಂಪು ಎನ್ನುವ ಈ ರುಚಿ ಮನೆಗೂ ಹೊಲಕ್ಕೂ ಒಂದೇ.

ಇದರ ಹಿಂದಿನ ಬೆಳಕಿನ ಲೆಕ್ಕ ಹೀಗಿದೆ. ಹೊಸದಾಗಿ ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80ರಷ್ಟನ್ನು ಹಿಂದಕ್ಕೆ ಕೊಡುತ್ತದೆ. ಗಾಢವಾದ ಇಟ್ಟಿಗೆಗೆಂಪು ಕೊಡುವುದು 10ರಿಂದ 20ರಷ್ಟು ಮಾತ್ರ. ಸಣ್ಣ ಕಿಟಕಿಯಿಂದ ಬಂದ ಬೆಳಕು ಕೋಣೆಯ ಮೂಲೆ ತಲುಪುವುದು ಗೋಡೆಯಿಂದ ಗೋಡೆಗೆ ಪುಟಿದು. ಬಿಳಿ ಗೋಡೆಗಳಲ್ಲಿ ಎರಡು ಸಲ ಪುಟಿದ ಮೇಲೂ ನೂರರಲ್ಲಿ 64 ಪಾಲು ಉಳಿದಿರುತ್ತದೆ. ನೂರಕ್ಕೆ 15 ಪಾಲು ಹಿಂದಿರುಗಿಸುವ ಕೆಂಪು ಗೋಡೆಗಳಲ್ಲಿ ಎರಡನೆಯ ಪುಟಿತಕ್ಕೆ ಉಳಿಯುವುದು ಎರಡಕ್ಕಿಂತ ತುಸು ಹೆಚ್ಚು. ವ್ಯತ್ಯಾಸ ಮೂವತ್ತು ಪಟ್ಟಿನ ಹತ್ತಿರ ಬರುತ್ತದೆ. ಉಳಿದ ಆ ಚೂರು ಬೆಳಕೂ ಕೆಂಪಾಗಿರುವುದರಿಂದ ಮುಖದ ಮೇಲೆ, ತಟ್ಟೆಯ ಅನ್ನದ ಮೇಲೆ, ಓದುವ ಹಾಳೆಯ ಮೇಲೆ ಅದರ ಛಾಯೆ ಕೂಡುತ್ತದೆ. ಸಣ್ಣ ಕಿಟಕಿಯ ಮನೆಯಲ್ಲಿ ಸೊಂಟದೆತ್ತರದಿಂದ ಮೇಲೆ ಸುಣ್ಣ, ಬುಡಕ್ಕೆ ಕೆಂಪು ಎಂಬ ಹಂಚಿಕೆ ಬೆಳಕನ್ನು ಕಾಯುವ ಹಂಚಿಕೆ. ಕಿಟಕಿಯ ಹಲಗೆಗಿಂತ ಕೆಳಗಿನ ಗೋಡೆಯಿಂದ ಕೋಣೆಗೆ ಸಿಗುವ ಬೆಳಕು ಹೇಗೂ ಕಡಿಮೆ. ಅಲ್ಲಿ ಗಾಢ ಬಣ್ಣ ಹಚ್ಚಿದರೆ ಕಳೆದುಕೊಳ್ಳುವುದೂ ಕಡಿಮೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಹಳೆಯವರು ಲೆಕ್ಕ ಹಾಕಿ ಹೀಗೆ ಮಾಡಿದರೆನ್ನುವುದು ನಾವು ಅವರ ಮೇಲೆ ಹೊರಿಸುವ ಜಾಣತನ; ಅವರಿಗೆ ಸಿಗುತ್ತಿದ್ದುದೇ ಎರಡು ಬಣ್ಣ, ಅದನ್ನೇ ಬಳಿದರು, ಅಷ್ಟೇ ಎನ್ನಬಹುದು. ಸಿಗುತ್ತಿದ್ದುದು ಎರಡೇ ಎಂಬುದು ಬಹುಮಟ್ಟಿಗೆ ನಿಜ. ಆದರೆ ಎರಡೂ ಸಿಗುತ್ತಿದ್ದಾಗ ಯಾವುದು ಎಷ್ಟು ಎಂಬುದು ಆಯ್ಕೆಯ ವಿಷಯ. ಕೆಮ್ಮಣ್ಣಿಗೆ ಗೂಡು ಉರಿಸಬೇಕಿಲ್ಲ, ಸುಣ್ಣಕ್ಕೆ ಕಲ್ಲು ಸುಡಬೇಕು, ಅರಳಿಸಬೇಕು, ಸೋಸಬೇಕು. ಖರ್ಚೊಂದೇ ಮುಖ್ಯವಾಗಿದ್ದರೆ ಮನೆಯೆಲ್ಲ ಕೆಂಪಾಗಬೇಕಿತ್ತು. ಹಾಗಾಗಲಿಲ್ಲ. ಖರ್ಚಿನ ಚಿಂತೆಯಿಲ್ಲದವರ ಕಟ್ಟಡಗಳೂ ಇದನ್ನೇ ಹೇಳುತ್ತವೆ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ಮೊದಲ ರಾಜಧಾನಿ ಕಲಬುರಗಿ. ಅದರ ಕೋಟೆಯೊಳಗಿನ 1367ರ ಜಾಮಿ ಮಸೀದಿಯ ಕಮಾನುಗಳ ಸಾಲು ಇಂದಿಗೂ ಬಿಳಿ ಗಾರೆಯಲ್ಲಿದೆ, ಬದಿಯಿಂದ ಬರುವ ಬೆಳಕು ಒಳಗಿನವರೆಗೆ ಹರಿಯುತ್ತದೆ. ಇದಕ್ಕೆ ಎದುರಾಗಿ ಬೀದರಿನ ಹತ್ತಿರದ ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಅಹ್ಮದ್ ಷಾ ವಲಿಯ ಗೋರಿಯಿದೆ. ಅದರ ಒಳಮೈಯಲ್ಲಿ ಇಂಗಳೀಕದ ಕೆಂಪು, ಚಿನ್ನ, ನೀಲಿ ತುಂಬಿದ ಚಿತ್ತಾರ ದಖ್ಖನಿನ ಅತ್ಯುತ್ತಮ ಗೋಡೆವರ್ಣಗಳಲ್ಲಿ ಒಂದು. ಒಳಾಂಗಣವಿಡೀ ಗಾಢ ಬಣ್ಣ ಹೊತ್ತು ನಿಂತು ಗೆದ್ದ ಉದಾಹರಣೆ ಎಂದು ಅದನ್ನು ಯಾರಾದರೂ ಮುಂದಿಟ್ಟರೆ ಒಪ್ಪಲೇಬೇಕು. ಆದರೆ ಅದು ದೀಪ ಹಿಡಿದು ನೋಡುವ ಜಾಗ, ಹೊತ್ತು ಕಳೆಯುವ ಜಾಗವಲ್ಲ. ಅಕ್ಕಿ ಆರಿಸುವ, ಮಗುವಿಗೆ ಓದಿಸುವ ಕೋಣೆಯ ಅಗತ್ಯ ಬೇರೆ.

ಕೆಮ್ಮಣ್ಣಿನ ಬಣ್ಣ ಬಟ್ಟೆಗೆ ಅಂಟುತ್ತದೆ ಎಂಬುದು ಇನ್ನೊಂದು ದೂರು, ಅದೂ ನ್ಯಾಯವಾದದ್ದೇ. ಬರಿ ನೀರಿನಲ್ಲಿ ಕಲಸಿದ ಮಣ್ಣು ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಅದನ್ನು ಸುಣ್ಣದಲ್ಲಿ ಬೆರೆಸಿದರೆ ಸಂಗತಿ ಬದಲಾಗುತ್ತದೆ: ಅರಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಬಣ್ಣ ಅತಿಯಾದರೆ ಹಿಡಿತ ಸಡಿಲವಾಗುತ್ತದೆ, ಆದ್ದರಿಂದ ಸುಣ್ಣಕ್ಕೆ ಹತ್ತರಲ್ಲಿ ಒಂದು ಪಾಲಿನೊಳಗೆ ಬಣ್ಣ ಸಾಕು. ಹೀಗೆ ಬರುವುದು ಕಡುಗೆಂಪಲ್ಲ, ತಿಳಿಯಾದ ಹೆಂಚಿನ ಬಣ್ಣ. ಕಬ್ಬಿಣದ ಆಕ್ಸೈಡಿನ ದೊಡ್ಡ ಗುಣವೆಂದರೆ ಅದು ಬಿಸಿಲಿಗೆ ಮಾಸುವುದಿಲ್ಲ, ಸುಣ್ಣದ ಖಾರಕ್ಕೂ ಬೆದರುವುದಿಲ್ಲ. ಇಂದು ಡಬ್ಬಿಯಲ್ಲಿ ಬರುವ ಕೆಂಪುಗಳೆಲ್ಲ ಹಾಗಲ್ಲ. ಕಣ್ಣು ಕೋರೈಸುವ ಶುದ್ಧ ಕೆಂಪನ್ನು ಸಾವಯವ ವರ್ಣದ್ರವ್ಯಗಳಿಂದ ಮಾಡುತ್ತಾರೆ. ಅವುಗಳಲ್ಲಿ ಕೆಲವು ಹೊಸ ಸಿಮೆಂಟ್ ಗಿಲಾಯಿಯ ಕ್ಷಾರಕ್ಕೆ ಬಣ್ಣಗೆಡುತ್ತವೆ, ಕಿಟಕಿಯ ಬಿಸಿಲಿಗೆ ಮಂಕಾಗುತ್ತವೆ. ಮುಚ್ಚುವ ಶಕ್ತಿಯೂ ಕಡಿಮೆ, ಬಿಳಿ ಪುಟ್ಟಿಯ ಮೇಲೆ ಎರಡು ಕೋಟಿಗೆ ತೃಪ್ತಿಯಾಗದೆ ಮೂರು ನಾಲ್ಕು ಕೋಟು ಬೇಡುತ್ತವೆ. ಅದಕ್ಕೇ ಅನುಭವಿ ಪೇಂಟರುಗಳು ಅಡಿಗೆ ಬೂದು ಪ್ರೈಮರ್ ಹಾಕುವುದು. ಕಬ್ಬಿಣದ ಕೆಂಪು ಎರಡೇ ಕೋಟಿನಲ್ಲಿ ಗೋಡೆಯನ್ನು ಮುಚ್ಚುತ್ತದೆ. ಕಿಟಕಿಯ ಸರಳಿಗೆ ಮೊದಲು ಬಳಿಯುವ ರೆಡ್ ಆಕ್ಸೈಡ್, ಹಳೆಯ ಕೆಂಪು ಗಾರೆನೆಲ, ಸ್ವೀಡನ್ನಿನ ಫಾಲುನ್ ಗಣಿಯ ಮಣ್ಣಿನಿಂದ ಅಲ್ಲಿನ ಮರದ ಮನೆಗಳಿಗೆ ಶತಮಾನಗಳಿಂದ ಬಳಿಯುತ್ತಿರುವ ಕೆಂಪು, ಎಲ್ಲದರ ಒಳಗೂ ಇದೇ ವಸ್ತು. ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಹಿಂದಿನ ಎನಾಮಲ್ ಪೇಂಟುಗಳ ಉಜ್ವಲ ಕೆಂಪು ಹಳದಿಗಳಲ್ಲಿ ಸೀಸ ಇರುತ್ತಿತ್ತು. 2016ರ ನಿಯಮ 2017ರ ನವೆಂಬರ್ 1ರಿಂದ ಜಾರಿಗೆ ಬಂದು ಮನೆಬಳಕೆಯ ಬಣ್ಣದಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷಕ್ಕೆ 90 ಪಾಲಿಗೆ ಇಳಿಸಿತು. ಅದಕ್ಕೂ ಹಳೆಯದಾದ ಕೆಂಪು ಬಾಗಿಲು, ತೊಟ್ಟಿಲುಗಳನ್ನು ಒಣ ಮರಳುಕಾಗದದಿಂದ ಉಜ್ಜಬಾರದು. ಆ ಧೂಳು ಮಕ್ಕಳ ಹೊಟ್ಟೆ ಸೇರಿದರೆ ಆಗುವ ಕೇಡು ಸರಿಪಡಿಸಲಾಗುವಂಥದಲ್ಲ.

ಕಲಬುರಗಿಯಲ್ಲಿ ಕೆಂಪಿನ ಮಾತೆತ್ತಿದರೆ ಮೊದಲು ಬರುವ ಎದುರು ಮಾತು ಬಿಸಿಲಿನದು. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವ ಊರಿನಲ್ಲಿ ಮನೆಯೊಳಗೆ ಬೆಂಕಿಯ ಬಣ್ಣ ಏಕೆ? ಈ ಪ್ರಶ್ನೆಯಲ್ಲಿ ಎರಡು ಬೇರೆ ವಿಷಯ ಕಲೆತಿವೆ. ಮನೆ ಕಾಯುವುದು ಮಾಳಿಗೆ ಮತ್ತು ಪೂರ್ವ, ಪಶ್ಚಿಮದ ಹೊರಗೋಡೆಗಳ ಮೇಲೆ ಬೀಳುವ ಬಿಸಿಲಿನಿಂದ. ಅಲ್ಲಿ ಬಣ್ಣ ಬಹಳ ಮುಖ್ಯ. ಆರ್‌ಸಿಸಿ ಮಾಳಿಗೆಗೆ ಸುಣ್ಣ ಬಳಿದರೆ ಒಳಗೆ ಅದರ ಫಲ ಗೊತ್ತಾಗುತ್ತದೆ, ಹೊರಗೋಡೆಗೆ ಕಡುಗೆಂಪು ಹಚ್ಚಿದರೆ ಗೋಡೆ ಸಂಜೆಯವರೆಗೂ ಕಾವು ಕಾರುತ್ತದೆ. ಒಳಗೋಡೆಯ ಮಾತು ಹಾಗಲ್ಲ. ನೇರ ಬಿಸಿಲು ಬೀಳದ ಒಳಮೈ ಕೆಂಪಿದ್ದರೂ ಬಿಳಿಯಿದ್ದರೂ ಕೋಣೆಯ ಉಷ್ಣಾಂಶದಲ್ಲಿ ಗಣನೆಗೆ ಬರುವಷ್ಟು ವ್ಯತ್ಯಾಸವಾಗುವುದಿಲ್ಲ. ಹಾಗಾದರೆ ಸೆಕೆಯ ಭಾವನೆ? ಕೆಂಪು ಪರಿಸರದಲ್ಲಿ ಜನರಿಗೆ ತುಸು ಹೆಚ್ಚು ಬೆಚ್ಚಗನಿಸುತ್ತದೆಯೇ ಎಂದು ಹಲವು ಪ್ರಯೋಗಗಳು ನಡೆದಿವೆ. ಕೆಲವು ಹೌದೆಂದಿವೆ, ಕೆಲವು ಇಲ್ಲವೆಂದಿವೆ, ಹೌದೆಂದ ಕಡೆಯೂ ಪರಿಣಾಮ ಸಣ್ಣದು. ಆದರೂ ಸೆಕೆಯ ಮಧ್ಯಾಹ್ನ ಬಿಳಿ ಗೋಡೆ ನೋಡಿದರೆ ಹಾಯೆನಿಸುತ್ತದೆ ಎಂಬ ಜನರ ಮಾತನ್ನು ತೆಗೆದುಹಾಕಬೇಕಿಲ್ಲ. ಕಣ್ಣೆತ್ತರದಲ್ಲಿ ಸುಣ್ಣ, ಬುಡದಲ್ಲಿ ಕೆಂಪು ಇದ್ದ ಮನೆಯಲ್ಲಿ ಆ ಹಾಯಿಗೂ ಜಾಗವಿತ್ತು.

ಬಿಸಿಲಿಗಿಂತ ಹೆಚ್ಚಾಗಿ ಕೆಂಪನ್ನು ಕೆಡಿಸಿರುವುದು ಇಂದಿನ ದೀಪ. ಎಣ್ಣೆಯ ದೀಪ, ಲಾಟೀನು, ಹಳೆಯ ಟಂಗ್‌ಸ್ಟನ್ ಬಲ್ಬು ಇವುಗಳ ಬೆಳಕಿನಲ್ಲಿ ಕೆಂಪು ಹಳದಿಗಳೇ ಹೆಚ್ಚು, ಆದ್ದರಿಂದ ಕೆಮ್ಮಣ್ಣಿನ ಗೋಡೆ ರಾತ್ರಿ ಅರಳಿ ನಿಲ್ಲುತ್ತಿತ್ತು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಮನೆಮನೆಗೂ ಎಲ್‌ಇಡಿ ಬಂತು, ವಿದ್ಯುತ್ತು ಉಳಿಯಿತು, ಒಳ್ಳೆಯದೇ ಆಯಿತು. ಆದರೆ ಜನ ಕೊಳ್ಳುವುದು ಬಹುತೇಕ 6500 ಕೆಲ್ವಿನ್ನಿನ ಅಚ್ಚಬಿಳಿ ಬೆಳಕನ್ನು. ಅದರಲ್ಲಿ ನೀಲಿ ಹೆಚ್ಚು, ಆಳವಾದ ಕೆಂಪು ಕಡಿಮೆ; ಸಾಮಾನ್ಯ ಬಲ್ಬುಗಳಲ್ಲಿ ಕೆಂಪನ್ನು ಕೆಂಪಾಗಿ ತೋರಿಸುವ ಗುಣ ಇನ್ನೂ ಕಡಿಮೆ. ಅಂಗಡಿಯಲ್ಲಿ ಜೀವಂತವಾಗಿ ಕಂಡ ಇಟ್ಟಿಗೆ ಬಣ್ಣ ಮನೆಯ ಗೋಡೆಯ ಮೇಲೆ ರಾತ್ರಿ ಒಣಗಿದ ರಕ್ತದಂತೆ ಕಪ್ಪಿಡುವುದು ಇದರಿಂದ. ಹಗಲು ಇಳಿಯುವ ಹೊತ್ತಿಗೆ ಇನ್ನೊಂದು ಸಂಗತಿ ನಡೆಯುತ್ತದೆ: ಬೆಳಕು ಕಡಿಮೆಯಾದಂತೆ ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಕಪ್ಪಾಗುವ ಬಣ್ಣ ಕೆಂಪು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇದನ್ನು ಗುರುತಿಸಿದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರು ಈ ಗುಣಕ್ಕೆ ಉಳಿದಿದೆ. ದೊಡ್ಡ ಕೆಂಪು ಗೋಡೆ ಸಂಜೆ ಆರರ ಹೊತ್ತಿಗೆ ದೊಡ್ಡ ಕಪ್ಪು ಗೋಡೆಯಾಗುತ್ತದೆ. ಬುಡದ ಪಟ್ಟಿಯಾದರೆ ಅದರ ಮೇಲಿನ ಸುಣ್ಣ ಉಳಿದ ಬೆಳಕನ್ನು ಹಿಡಿದಿರುತ್ತದೆ. ಬೆಚ್ಚನೆಯ ಕೆಂಪು ಬಯಸುವವರು ಆ ಕೋಣೆಗೆ 2700ರಿಂದ 3000 ಕೆಲ್ವಿನ್ನಿನ ಬಲ್ಬು ತರಬೇಕು. ಬಣ್ಣಕ್ಕೆ ಕೊಡುವ ಹಣದ ಮುಂದೆ ಅದು ಚಿಲ್ಲರೆ ಖರ್ಚು, ಆದರೂ ಹೆಚ್ಚಿನವರು ಮರೆಯುವುದು ಇದನ್ನೇ.

ಈಗಿನ ಒಂಟಿ ಕೆಂಪು ಗೋಡೆಯನ್ನು ಸಮರ್ಥಿಸುವವರು ಹೇಳುವುದು, ಹೊಸ ಮನೆಗಳ ಕಿಟಕಿ ದೊಡ್ಡದು, ಹಾಗಾಗಿ ಹಳೆಯ ಮಿತಿ ಬೇಡ ಎಂದು. ಲೆಕ್ಕ ಹಾಕಿ ನೋಡಬಹುದು. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ ಬಾಗಿಲು ಕಿಟಕಿ ಬಿಡದೆ ಎಣಿಸಿದರೆ ನಾಲ್ಕೂ ಗೋಡೆ ಸೇರಿ 440 ಚದರಡಿ. ಸುತ್ತಲೂ ಎರಡೂವರೆ ಅಡಿಯ ಪಟ್ಟಿ ಎಂದರೆ 110 ಚದರಡಿ, ಉದ್ದದ ಒಂದು ಗೋಡೆ ಎಂದರೆ 120. ಕೆಂಪಿನ ಪ್ರಮಾಣ ಹೆಚ್ಚುಕಡಿಮೆ ಒಂದೇ, ಬಿದ್ದ ಜಾಗ ಬೇರೆ. ಒಂಟಿ ಗೋಡೆಯನ್ನು ಸಾಮಾನ್ಯವಾಗಿ ಆರಿಸುವುದು ಬಾಗಿಲಲ್ಲಿ ನಿಂತವರಿಗೆ ಎದುರಾಗುವಂತೆ, ಟಿವಿ ಅಥವಾ ಸೋಫಾದ ಹಿಂದೆ. ಅದೇ ಕಿಟಕಿಗೂ ಎದುರಿನ ಗೋಡೆಯಾಗಿದ್ದರೆ, ಕೋಣೆಗೆ ಅತಿ ಹೆಚ್ಚು ಬೆಳಕು ಹಿಂತಿರುಗಿಸುತ್ತಿದ್ದ ಗೋಡೆಯ ಬಾಯನ್ನೇ ಕಟ್ಟಿದಂತಾಯಿತು. ಕಿಟಕಿಯಿರುವ ಗೋಡೆಗೇ ಹಚ್ಚಿದರೆ ಕಲಬುರಗಿಯ ಹೊರಬಿಸಿಲಿನ ಚೌಕದ ಸುತ್ತ ಕತ್ತಲೆಯ ಚೌಕಟ್ಟು ನಿಂತು ಕಣ್ಣು ಚುಚ್ಚುತ್ತದೆ. ಇಡೀ ಗೋಡೆ ಬೇಕೇ ಬೇಕೆಂದರೆ ಪಕ್ಕದ ಗೋಡೆ ವಾಸಿ. ದೊಡ್ಡ ಕಿಟಕಿ ಇದ್ದರೂ ಬೇಸಿಗೆಯಲ್ಲಿ ಇಲ್ಲಿ ಅದಕ್ಕೆ ಪರದೆ ಎಳೆದೇ ಇಡುತ್ತಾರೆ ಎಂಬುದನ್ನು ಮರೆಯಬಾರದು. ವರ್ಷದ ಮೂರು ನಾಲ್ಕು ತಿಂಗಳು ಹೊಸ ಮನೆಯ ಕಿಟಕಿಯೂ ಹಳೆಯ ಮನೆಯ ಬೆಳಕಿಂಡಿಯಷ್ಟೇ ಆಗುತ್ತದೆ. ಕೆಂಪಿಗೆ ಚೌಕಟ್ಟು ಹಾಕಿ ಬಿಳಿಯ ಮೇಲೆ ಇಡುವ ಇನ್ನೊಂದು ದಾರಿಯನ್ನು ಈ ಊರು ಬಲ್ಲದು. ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್ (1916–1993) ಬರೆದ ದೇವತೆಗಳ, ಪುರಾಣದ ಚಿತ್ರಗಳು ಕ್ಯಾಲೆಂಡರುಗಳಾಗಿ ದೇಶದ ಎಷ್ಟೋ ಮನೆಗಳ ಗೋಡೆ ಸೇರಿದವು. ಆ ಚಿತ್ರಗಳ ಬೆಚ್ಚನೆಯ ಮೈಬಣ್ಣ, ಬಟ್ಟೆಯ ಕೆಂಪು ಎದ್ದು ಕಂಡದ್ದು ಹಿಂದೆ ಸುಣ್ಣದ ಗೋಡೆ ಇದ್ದುದರಿಂದಲೂ ಹೌದು.

ಯಾವ ಕೆಂಪು ಎಂಬ ಪ್ರಶ್ನೆಗೆ ಕಮಲಾಪುರದ ಬಾಳೆ ಒಳ್ಳೆಯ ಮಾದರಿ. ಕಾಯಿದ್ದಾಗ ಕಂದುಗೆಂಪು, ಹಣ್ಣಾಗುತ್ತ ಸಿಪ್ಪೆ ಕಿತ್ತಳೆಯತ್ತ ತಿಳಿಯಾಗುತ್ತದೆ, ಒಳಗಿನ ತಿರುಳು ಕೆನೆಬಣ್ಣ. ಬುಡಕ್ಕೆ ಕಾಯಿಯ ಬಣ್ಣ, ಮಾಡ ಮತ್ತು ಅಂಚುಗಳಿಗೆ ಹಣ್ಣಿನ ಬಣ್ಣ, ಮೇಲಿನ ಗೋಡೆಗೆ ತಿರುಳಿನ ಬಣ್ಣ ಎಂದು ಹೇಳಿದರೆ ಯಾವ ಪೇಂಟ್ ಅಂಗಡಿಯಲ್ಲೂ ಹೊಂದಿಸಿ ಕೊಡಬಲ್ಲರು. ಸಿಪ್ಪೆಯ ಕೆಂಪು ಸಸ್ಯದ್ದು, ಗೋಡೆಯ ಕೆಂಪು ಕಬ್ಬಿಣದ್ದು, ರಸಾಯನದಲ್ಲಿ ಸಂಬಂಧವಿಲ್ಲ. ಕಣ್ಣಿಗೆ ಮಾತ್ರ ಎರಡೂ ನೆಂಟರು. ಮೇಲಿನ ಬಣ್ಣ ಅಚ್ಚಬಿಳಿಯಾದರೆ ಕೆಂಪು ಒರಟಾಗಿ ಕಾಣುತ್ತದೆ, ಕೆನೆಯಾದರೆ ಒಗ್ಗುತ್ತದೆ. ಶಹಾಬಾದಿ ಫರಸಿಯ ಬೂದುನೆಲ ಈ ಕೆಂಪಿಗೆ ತಣ್ಣನೆಯ ಜೊತೆ ಕೊಡುತ್ತದೆ. ಹೊಳೆಯುವ ಬಿಳಿ ವಿಟ್ರಿಫೈಡ್ ಟೈಲ್ಸಿನಲ್ಲಿ ಗೋಡೆಯ ಕೆಂಪು ಪ್ರತಿಫಲಿಸಿ ನೆಲವೂ ಕೆಂಪಾದಂತೆ ತೋರುತ್ತದೆ. ಸಣ್ಣ ಶೇಡ್ ಕಾರ್ಡ್ ನೋಡಿ ತೀರ್ಮಾನಿಸಬಾರದು. ಎರಡಡಿ ಚೌಕದ ರಟ್ಟಿಗೆ ಎರಡು ಕೋಟು ಬಳಿದು, ಗೋಡೆಗೆ ಆನಿಸಿಟ್ಟು, ಬೆಳಗ್ಗೆ, ಇಳಿಹೊತ್ತಿನಲ್ಲಿ, ರಾತ್ರಿ ದೀಪ ಹಾಕಿ ನೋಡಿದರೆ ಅರ್ಧ ಲೀಟರ್ ಬಣ್ಣದಲ್ಲಿ ಉತ್ತರ ಸಿಗುತ್ತದೆ. ಪಟ್ಟಿಗೆ ಮಂದ ಹೊಳಪಿನ, ತೊಳೆಯಬಲ್ಲ ಎಮಲ್ಷನ್, ಮೇಲಕ್ಕೆ ಹೊಳಪಿಲ್ಲದ್ದು ಇರಲಿ.

ಕೆಂಪು ಸಿಟ್ಟು ತರಿಸುತ್ತದೆ, ವಾಸ್ತು ಒಪ್ಪುವುದಿಲ್ಲ ಎಂಬ ಮಾತುಗಳೂ ಮನೆಮಾತಾಗಿವೆ. ವಾಸ್ತು ಹೇಳುವವರಲ್ಲೇ ಆಗ್ನೇಯಕ್ಕೆ ಕೆಂಪು ಸಲ್ಲುತ್ತದೆ ಎನ್ನುವವರಿದ್ದಾರೆ, ಮಲಗುವ ಕೋಣೆಗೆ ಬೇಡ ಎನ್ನುವವರಿದ್ದಾರೆ. ನಂಬುವವರಿಗೂ ಬುಡದ ಪಟ್ಟಿಯಿಂದ ಅಡ್ಡಿಯಾಗಬೇಕಿಲ್ಲ. ಕುಂಕುಮ, ಹೊಸ್ತಿಲಿನ ಕೆಂಪು, ಮಠದ ಕಾವಿ ಇವುಗಳನ್ನು ಮಂಗಲವೆಂದೇ ಕಂಡ ಜನ ಮನೆಯಲ್ಲಿ ಕೆಂಪಿಗೆ ಹೆದರಿದವರಲ್ಲ, ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲವರು. ನಿದ್ದೆಯ ಕೋಣೆಯಲ್ಲಿ ಮಲಗಿದವರ ಕಣ್ಣಿಗೆ ಎದುರಾಗುವ ಗೋಡೆ, ಓದುವ ಮೇಜಿನ ಮುಂದಿನ ಗೋಡೆ ಇವೆರಡನ್ನು ಕೆಂಪಿನಿಂದ ದೂರವಿಡುವುದು ಒಳ್ಳೆಯದೇ. ರಾತ್ರಿ ಮಾತ್ರ ಬಳಸುವ ಊಟದ ಕೋಣೆಯಾದರೆ, ಬೆಚ್ಚನೆಯ ದೀಪವಿದ್ದರೆ, ನಾಲ್ಕೂ ಗೋಡೆ ಕೆಂಪಾದರೂ ಚೆನ್ನಾಗಿಯೇ ಇರುತ್ತದೆ. ಮೇರೆಯ ನಿಯಮಕ್ಕೆ ಇದೊಂದು ಪ್ರಾಮಾಣಿಕ ಅಪವಾದ. ಉಳಿದಂತೆ ಪಟ್ಟಿಗೆ ಇನ್ನೊಂದು ಅನುಕೂಲವಿದೆ, ಅದು ಮನೆ ನಡೆಸುವವರಿಗೆ ಚೆನ್ನಾಗಿ ಗೊತ್ತು. ಕೊಳೆಯಾಗುವುದು ಬುಡವೇ ಆದ್ದರಿಂದ ದಸರೆಗೋ ದೀಪಾವಳಿಗೋ ಅಷ್ಟನ್ನು ಮಾತ್ರ ಮತ್ತೆ ಬಳಿದರೆ ಸಾಕು. ಏಣಿ ಬೇಡ, ಅಟ್ಟದ ಸಾಮಾನು ಇಳಿಸುವುದು ಬೇಡ, ಕೂಲಿಯವರನ್ನು ಕಾಯುವುದು ಬೇಡ. ಒಂದು ಡಬ್ಬಿ ಬಣ್ಣ, ಒಂದು ಕುಂಚ ಇದ್ದರೆ ಮನೆಯವರೇ ನೆಲದ ಮೇಲೆ ಕೂತು ಅರ್ಧ ದಿನದಲ್ಲಿ ಮುಗಿಸಬಹುದು.